ಹಳೆಯ ಮರದ ಗೃಹೋಪಯೋಗಿ ವಸ್ತುಗಳಿಗೆ ಬಣ್ಣ ಹಾಗೂ ಮೆರುಗು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕಲಬುರಗಿ ಜಿಲ್ಲೆಯ ಯಡ್ರಾಮಿ, ಜೇವರ್ಗಿ, ಅಫಜಲಪುರ ಹಾಗೂ ಆಳಂದ ಭಾಗದ ಹಳೆಯ ಮನೆಗಳಲ್ಲಿ ಮರದ ಸಾಮಾನುಗಳು ಇಂದಿಗೂ ಬಳಕೆಯಲ್ಲಿವೆ. ತಲಬಾಗಿಲು, ಹೊಸ್ತಿಲು, ಕಂಬ, ಮಂಚ, ಸಂದೂಕ, ದೇವರ ಮಂಟಪ, ಮಣೆ ಹಾಗೂ ತೊಟ್ಟಿಲು ಇವುಗಳಲ್ಲಿ ಮುಖ್ಯವಾದವು. ಇವು ಬಹುತೇಕ ಸಾಗುವಾನಿ, ಬೇವು ಅಥವಾ ಜಾಲಿ ಮರದಿಂದ ಮಾಡಿದವು. ಮರವು ಗಟ್ಟಿಯಾಗಿಯೇ ಇದ್ದರೂ ಮೇಲಿನ ಬಣ್ಣ ಮಾಸಿದ ಕಾರಣಕ್ಕೆ ಇಂತಹ ವಸ್ತುಗಳನ್ನು ಅಟ್ಟಕ್ಕೆ ಹಾಕುವುದು ಅಥವಾ ಗುಜರಿಗೆ ಮಾರುವುದು ರೂಢಿಯಲ್ಲಿದೆ. ಸರಿಯಾದ ಕ್ರಮದಲ್ಲಿ ಸ್ವಚ್ಛಗೊಳಿಸಿ, ಬಣ್ಣ ಅಥವಾ ಮೆರುಗು ನೀಡಿದಲ್ಲಿ ಅವು ಇನ್ನೊಂದು ತಲೆಮಾರಿಗೆ ಉಪಯೋಗವಾಗುತ್ತವೆ.

ಆದರೆ ಈ ಕೆಲಸದಲ್ಲಿ ಒಂದು ಅಪಾಯವಿದೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇರುತ್ತದೆ. ಅದನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜಿದಾಗ ಏಳುವ ಧೂಳು ಮಕ್ಕಳಿಗೆ ಹಾಗೂ ಗರ್ಭಿಣಿಯರಿಗೆ ಅತ್ಯಂತ ಹಾನಿಕರ. ತೊಟ್ಟಿಲಿನ ವಿಷಯದಲ್ಲಿ ಈ ಅಪಾಯ ಹೆಚ್ಚು. ಮಗಳ ಹೆರಿಗೆ ಸಮೀಪಿಸಿದಾಗ ತವರುಮನೆಯಲ್ಲಿ ಹಳೆಯ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ತಿಕ್ಕಿ, ಹೊಸ ಬಣ್ಣ ಬಳಿಯುವುದುಂಟು. ಅಂದರೆ ಧೂಳು ಏಳುವ ಹೊತ್ತಿಗೆ ಗರ್ಭಿಣಿ ಅದೇ ಮನೆಯಲ್ಲಿರುತ್ತಾಳೆ. ಕೆಲವೇ ವಾರಗಳಲ್ಲಿ ಹಸುಗೂಸು ಅದೇ ತೊಟ್ಟಿಲಿಗೆ ಬರುತ್ತದೆ. ಆದುದರಿಂದ ಹೊಸ ಬಣ್ಣ ಹಚ್ಚುವ ಮೊದಲು ಹಳೆಯ ಬಣ್ಣ ಯಾವುದು ಎಂಬುದನ್ನು ತಿಳಿಯುವುದು ಅವಶ್ಯ. ಈ ಪುಟದಲ್ಲಿ ಆ ಬಗ್ಗೆಯೂ, ಕೆಲಸದ ಕ್ರಮದ ಬಗ್ಗೆಯೂ ಮಾಹಿತಿ ನೀಡಲಾಗಿದೆ.

1. ಮೊದಲು ವಸ್ತುವನ್ನು ಪರೀಕ್ಷಿಸುವುದು

ಕೈಯಲ್ಲಿ ಮರಳುಕಾಗದ ಹಿಡಿಯುವ ಮುನ್ನ ಈ ಕೆಳಗಿನ ನಾಲ್ಕು ಅಂಶಗಳನ್ನು ಪರಿಶೀಲಿಸತಕ್ಕದ್ದು.

ಅ) ಮರದ ಸ್ಥಿತಿ: ಸಣ್ಣ ರಂಧ್ರಗಳಿಂದ ಹೊಸದಾಗಿ ಹುಡಿ ಉದುರುತ್ತಿದ್ದರೆ ಒಳಗೆ ಹುಳು ಜೀವಂತವಾಗಿದೆ ಎಂದರ್ಥ. ಗೆದ್ದಲಿನ ಮಣ್ಣಿನ ಸಾಲು ಕಂಡುಬಂದರೂ ಮೊದಲು ಅದರ ನಿವಾರಣೆಯಾಗಬೇಕು. ಹುಳು ಇರುವ ಮರದ ಮೇಲೆ ಬಣ್ಣ ಹಚ್ಚುವುದು ವ್ಯರ್ಥ. ತೊಟ್ಟಿಲು, ಆಟಿಕೆ ಹಾಗೂ ಅಡುಗೆಮನೆಯ ವಸ್ತುಗಳಿಗೆ ಕೀಟನಾಶಕವನ್ನು ಯಾವ ಕಾರಣಕ್ಕೂ ಬಳಸಬಾರದು. ಅವುಗಳ ಹಾಳಾದ ಭಾಗವನ್ನು ಬಡಿಗರಿಂದ ಬದಲಾಯಿಸಿಕೊಳ್ಳುವುದು ಸೂಕ್ತ.

ಆ) ಕೀಲುಗಳು: ಸಡಿಲವಾದ ಕೂಡುಗಳನ್ನು ಬಿಚ್ಚಿ, ಹಳೆಯ ಅಂಟನ್ನು ತೆಗೆದು, ಹೊಸದಾಗಿ ಅಂಟಿಸಿ ಕೂಡಿಸಬೇಕು. ಬಣ್ಣದ ನಂತರ ಕೂಡು ಬಿಗಿಗೊಳಿಸಿದರೆ ಬಣ್ಣ ಒಡೆಯುತ್ತದೆ.

ಇ) ಮೇಲ್ಮೈಯ ಮೆರುಗು: ಕಾಣದ ಮೂಲೆಯಲ್ಲಿ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು. ಮೇಲ್ಮೈ ಮೆತ್ತಗಾಗಿ ಹತ್ತಿಗೆ ಅಂಟಿದರೆ ಅದು ಬಹುಮಟ್ಟಿಗೆ ಅರಗಿನ ಪಾಲಿಶ್. ಏನೂ ಆಗದಿದ್ದಲ್ಲಿ ಎಣ್ಣೆ ಆಧಾರಿತ ವಾರ್ನಿಷ್ ಅಥವಾ ಎನಾಮೆಲ್ ಬಣ್ಣವಾಗಿರಬಹುದು. ಚಿತ್ರವಿರುವ ವಸ್ತುವಿನ ಮೇಲೆ ಈ ಪರೀಕ್ಷೆ ಮಾಡತಕ್ಕದ್ದಲ್ಲ.

ಈ) ಕೈಬರಹದ ಚಿತ್ರ: ಮೇಲಿನ ಬಣ್ಣದ ಅಡಿಯಲ್ಲಿ ಹೂಬಳ್ಳಿ, ದೇವರ ಚಿತ್ರ, ಗಿಳಿ, ನವಿಲು ಮುಂತಾದವು ಕಾಣುತ್ತಿವೆಯೇ ಎಂಬುದನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಕಂಡುಬಂದಲ್ಲಿ ಅಲ್ಲಿಗೇ ಕೆಲಸ ನಿಲ್ಲಿಸಿ ಮುಂದಿನ ಭಾಗವನ್ನು ಓದಿಕೊಳ್ಳಬೇಕು.

2. ಚಿತ್ರಗಾರರ ಕೆಲಸವಿರುವ ವಸ್ತುಗಳು

ಉತ್ತರ ಕರ್ನಾಟಕದಲ್ಲಿ ಮರಕ್ಕೆ ಬಣ್ಣ ಹಚ್ಚುವುದು ಶತಮಾನಗಳ ಕುಲಕಸುಬು. ಕೊಪ್ಪಳ ಜಿಲ್ಲೆಯ ಕಿನ್ನಾಳ ಗ್ರಾಮದ ಚಿತ್ರಗಾರರು ದೇವರ ಮೂರ್ತಿ, ಗೊಂಬೆ, ಪ್ರಾಣಿ ಹಾಗೂ ಪಕ್ಷಿಗಳನ್ನು ಹಗುರ ಮರದಲ್ಲಿ ರೂಪಿಸುತ್ತಾರೆ. ಹಂಪಿಯ ದೇವಾಲಯದ ವರ್ಣಚಿತ್ರಗಳನ್ನು ಬರೆದವರು ಇವರ ಪೂರ್ವಿಕರೆಂಬ ಪ್ರತೀತಿ ಇದೆ. ಕಿನ್ನಾಳದ ಕಲೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ತಯಾರಾಗುವ ಬಣ್ಣದ ತೊಟ್ಟಿಲುಗಳು ನಾಡಿನಾದ್ಯಂತ ಪ್ರಸಿದ್ಧವಾಗಿವೆ. ಸಾಗುವಾನಿ ಮರದ ಪಟ್ಟಿಗಳ ಮೇಲೆ ಪುರಾಣ ಕಥೆಗಳ ಚಿತ್ರ ಬಿಡಿಸಿ ಅರಗಿನ ಮೆರುಗು ನೀಡುವುದು ಅವುಗಳ ವೈಶಿಷ್ಟ್ಯ. ಹಳೆ ಮೈಸೂರು ಭಾಗದ ಚನ್ನಪಟ್ಟಣದಲ್ಲಿ ಆಲೆ ಮರವನ್ನು ತಿರುಗಣಿಯಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ.

ಕಿನ್ನಾಳದ ಕ್ರಮವನ್ನು ತಿಳಿದರೆ ಇಂತಹ ವಸ್ತುವನ್ನು ಏಕೆ ತೊಳೆಯಬಾರದು ಎಂಬುದು ಸ್ಪಷ್ಟವಾಗುತ್ತದೆ. ಅಲ್ಲಿ ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಹಾಗೂ ಹುಣಸೆ ಬೀಜದ ಅಂಟಿನೊಂದಿಗೆ ಕಲಸಿ 'ಕಿಟ್ಟ' ಎಂಬ ಮಿಶ್ರಣ ತಯಾರಿಸುತ್ತಾರೆ. ಇದನ್ನು ಮೂರ್ತಿಯ ಮೈಗೆ ಸವರಿ, ಅದರ ಮೇಲೆ ಹತ್ತಿಯ ಬಟ್ಟೆಯ ತುಣುಕುಗಳನ್ನು ಅಂಟಿಸುತ್ತಾರೆ. ನಂತರ ಕಲ್ಲಿನ ಪುಡಿ ಹಾಗೂ ಗೋಂದಿನ ಲೇಪ ಬರುತ್ತದೆ. ಬಣ್ಣ ಕೂರುವುದು ಈ ಲೇಪದ ಮೇಲೆ. ಆಭರಣಗಳ ಉಬ್ಬು ಕೆಲಸಕ್ಕೂ ಇದೇ ಲೇಪ ಬಳಕೆಯಾಗುತ್ತದೆ. ಹುಣಸೆ ಬೀಜದ ಅಂಟು ಹಾಗೂ ಗೋಂದು ನೀರಿಗೆ ಮೆತ್ತಗಾಗುವ ಪದಾರ್ಥಗಳು. ಒದ್ದೆ ಬಟ್ಟೆಯಿಂದ ಬಲವಾಗಿ ಒರೆಸಿದಲ್ಲಿ ಬಣ್ಣವಷ್ಟೇ ಅಲ್ಲ, ಅದರ ತಳಪಾಯವೂ ಕಿತ್ತು ಬರುತ್ತದೆ.

ಆದುದರಿಂದ ಚಿತ್ರವಿರುವ ವಸ್ತುಗಳಿಗೆ ಈ ಸೂಚನೆಗಳನ್ನು ಪಾಲಿಸಬೇಕು:

- ಮೆತ್ತನೆಯ ಒಣ ಕುಂಚದಿಂದ ಮಾತ್ರ ಧೂಳು ತೆಗೆಯುವುದು.
- ನೀರು, ಸಾಬೂನು, ಸ್ಪಿರಿಟ್, ಸೀಮೆಎಣ್ಣೆ ಹಾಗೂ ಥಿನ್ನರ್ ಬಳಸದಿರುವುದು.
- ಚಿತ್ರದ ಮೇಲೆ ಹೊಳಪಿಗಾಗಿ ವಾರ್ನಿಷ್ ಅಥವಾ ಎನಾಮೆಲ್ ಬಳಿಯದಿರುವುದು. ಇವು ಕಾಲಕ್ರಮೇಣ ಹಳದಿಗಟ್ಟುತ್ತವೆ. ಚಿತ್ರಕ್ಕೆ ಧಕ್ಕೆಯಾಗದಂತೆ ಅವನ್ನು ತೆಗೆಯುವುದು ಕಷ್ಟ.
- ಉದುರಿದ ಚೂರುಗಳನ್ನು ಕಾಗದದ ಪೊಟ್ಟಣದಲ್ಲಿಟ್ಟು, ಅನುಭವವುಳ್ಳ ಚಿತ್ರಗಾರರಿಗೆ ವಸ್ತುವಿನೊಂದಿಗೆ ತೋರಿಸುವುದು.
- ಯಾವುದೇ ದುರಸ್ತಿಗೆ ಮುನ್ನ ಎಲ್ಲ ಬದಿಗಳ ಛಾಯಾಚಿತ್ರ ತೆಗೆದಿಡುವುದು.

'ಹಳೆಯ ಕಾಲದ ಬಣ್ಣ ನೈಸರ್ಗಿಕ, ಆದ್ದರಿಂದ ನಿರಪಾಯ' ಎಂಬ ನಂಬಿಕೆ ಪೂರ್ಣ ಸರಿಯಲ್ಲ. ಅರಿಶಿನ, ನೀಲಿ, ಕಾಡಿಗೆ ಹಾಗೂ ಕೆಮ್ಮಣ್ಣಿನ ಜೊತೆಗೆ ಭಾರತೀಯ ಚಿತ್ರಕಲೆಯಲ್ಲಿ ಖನಿಜ ವರ್ಣಗಳೂ ಬಳಕೆಯಲ್ಲಿದ್ದವು. ಇಂಗಳೀಕದಲ್ಲಿ ಪಾದರಸ, ಹರಿತಾಳದಲ್ಲಿ ಆರ್ಸೆನಿಕ್, ಸಿಂಧೂರ ವರ್ಣದಲ್ಲಿ ಸೀಸ ಇರುತ್ತವೆ. ಆದ್ದರಿಂದ ಹಳೆಯ ಚಿತ್ರದ ತೊಟ್ಟಿಲನ್ನು ಕಾಪಾಡಿ ಪ್ರದರ್ಶನಕ್ಕೆ ಇಡುವುದು ಉತ್ತಮ. ಬಣ್ಣ ಉದುರುತ್ತಿದ್ದರೆ ಮಗುವನ್ನು ಅದರಲ್ಲಿ ಮಲಗಿಸಬಾರದು. ನಾಮಕರಣದ ದಿನ ಶಾಸ್ತ್ರಕ್ಕಾಗಿ ಅದನ್ನು ಬಳಸಲೇಬೇಕಾದಲ್ಲಿ, ಒಳಭಾಗಕ್ಕೂ ಅಂಚುಗಳಿಗೂ ಸ್ವಚ್ಛ ಬಟ್ಟೆ ಹೊದಿಸಿ, ಕಾರ್ಯ ಮುಗಿದ ಕೂಡಲೇ ಮಗುವನ್ನು ಎತ್ತಿಕೊಳ್ಳುವುದು.

3. ಹಳೆಯ ಬಣ್ಣದಲ್ಲಿ ಸೀಸ

ಎಣ್ಣೆ ಆಧಾರಿತ ಬಣ್ಣಗಳಿಗೆ ಬಿಳುಪು, ಕೆಂಪು ಹಾಗೂ ಹಳದಿ ವರ್ಣ ನೀಡಲು ಮತ್ತು ಬೇಗ ಒಣಗುವಂತೆ ಮಾಡಲು ಸೀಸದ ಸಂಯುಕ್ತಗಳನ್ನು ದೀರ್ಘಕಾಲ ಬಳಸಲಾಗುತ್ತಿತ್ತು. ಭಾರತ ಸರ್ಕಾರವು 2016ರಲ್ಲಿ ಗೃಹೋಪಯೋಗಿ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ನಿಯಂತ್ರಿಸುವ ನಿಯಮಗಳನ್ನು ಹೊರಡಿಸಿತು. ಇವು 2017ರ ನವೆಂಬರ್ 1ರಿಂದ ಜಾರಿಗೆ ಬಂದಿವೆ. ಇದರನ್ವಯ ಸೀಸದ ಪ್ರಮಾಣವು 90 ಪಿಪಿಎಂ, ಅಂದರೆ ಒಂದು ಕಿಲೋಗ್ರಾಂ ಬಣ್ಣದಲ್ಲಿ 90 ಮಿಲಿಗ್ರಾಂ ಮೀರುವಂತಿಲ್ಲ. ಆದ್ದರಿಂದ 2017ಕ್ಕಿಂತ ಹಿಂದೆ ಎನಾಮೆಲ್ ಬಳಿದ ಬಾಗಿಲು, ಕಿಟಕಿ, ತೊಟ್ಟಿಲುಗಳಲ್ಲಿ ಸೀಸವಿದೆ ಎಂದೇ ಭಾವಿಸಿ ಎಚ್ಚರ ವಹಿಸುವುದು ಕ್ಷೇಮಕರ. ಕಣ್ಣಿನಿಂದ ನೋಡಿ ಇದನ್ನು ತಿಳಿಯಲಾಗದು. ಖಚಿತಪಡಿಸಿಕೊಳ್ಳಲು ಪ್ರಯೋಗಾಲಯದ ಪರೀಕ್ಷೆ ಬೇಕು.

ಸೀಸವು ಮಿದುಳು ಹಾಗೂ ನರಮಂಡಲಕ್ಕೆ ಹಾನಿ ಮಾಡುತ್ತದೆ. ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದು, ಏಕಾಗ್ರತೆ ಕಡಿಮೆಯಾಗುವುದು ಹಾಗೂ ರಕ್ತಹೀನತೆ ಇದರ ಪರಿಣಾಮಗಳು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೀಸಕ್ಕೆ 'ಸುರಕ್ಷಿತ ಪ್ರಮಾಣ' ಎಂಬುದು ಕಂಡುಬಂದಿಲ್ಲ. ಹೊಟ್ಟೆಗೆ ಸೇರಿದ ಸೀಸವನ್ನು ಚಿಕ್ಕ ಮಕ್ಕಳ ದೇಹವು ವಯಸ್ಕರಿಗಿಂತ 4ರಿಂದ 5 ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಸೀಸವು ಮೂಳೆಗಳಲ್ಲಿ ವರ್ಷಗಟ್ಟಲೆ ಶೇಖರವಾಗಿರುತ್ತದೆ. ಗರ್ಭಾವಸ್ಥೆಯಲ್ಲಿ ಅದು ಮತ್ತೆ ರಕ್ತಕ್ಕೆ ಬಂದು ಗರ್ಭದಲ್ಲಿರುವ ಶಿಶುವನ್ನೂ ತಲುಪುತ್ತದೆ. ಹಲ್ಲು ಬರುವ ಕಾಲದಲ್ಲಿ ಮಗು ತೊಟ್ಟಿಲಿನ ಅಂಚನ್ನು ಕಚ್ಚುವುದು ಸಹಜ. ಹೀಗಾಗಿ ತೊಟ್ಟಿಲಿನ ಮೇಲ್ಪಟ್ಟಿಯ ಬಣ್ಣದ ಬಗ್ಗೆ ವಿಶೇಷ ಗಮನ ಅಗತ್ಯ.

4. ಹಳೆಯ ಬಣ್ಣವನ್ನು ನಿರ್ವಹಿಸುವ ಕ್ರಮ

ಹಳೆಯ ಬಣ್ಣ ಬಿರುಕು ಬಿಡದೆ ಗಟ್ಟಿಯಾಗಿದ್ದಲ್ಲಿ ಅದನ್ನು ಕಿತ್ತು ತೆಗೆಯುವ ಅಗತ್ಯವಿಲ್ಲ. ಒದ್ದೆ ಮಾಡಿ ಲಘುವಾಗಿ ಉಜ್ಜಿ, ಅದರ ಮೇಲೆಯೇ ಹೊಸ ಬಣ್ಣ ಬಳಿಯುವುದು ಸುರಕ್ಷಿತ ಹಾಗೂ ಮಿತವ್ಯಯದ ಮಾರ್ಗ. ಎರಡು ಸ್ಥಳಗಳಿಗೆ ಮಾತ್ರ ಇದು ಅನ್ವಯಿಸದು. ಒಂದು, ಮಗು ಕಚ್ಚಬಹುದಾದ ಪಟ್ಟಿಗಳು. ಇನ್ನೊಂದು, ಬಾಗಿಲು ಚೌಕಟ್ಟಿಗೆ ತಾಗಿ ಸವೆಯುವ ಅಂಚುಗಳು. ತೊಟ್ಟಿಲಿನ ಪಟ್ಟಿಯಾದರೆ ಬಣ್ಣ ಕೆರೆಯುವುದಕ್ಕಿಂತ ಬಡಿಗರಿಂದ ಹೊಸ ಪಟ್ಟಿ ಕೂಡಿಸುವುದೇ ಲೇಸು.

ಬಣ್ಣ ತೆಗೆಯಲೇಬೇಕಾದಾಗ ಅನುಸರಿಸಬೇಕಾದ ಕ್ರಮ:

ಅ) ಕೆಲಸವನ್ನು ಮನೆಯ ಹೊರಗೆ, ಬಾವಿ, ದನದ ಕೊಟ್ಟಿಗೆ, ಕಣ ಹಾಗೂ ಮಕ್ಕಳು ಆಡುವ ಅಂಗಳದಿಂದ ದೂರದಲ್ಲಿ, ಗಾಳಿ ಇಲ್ಲದ ಹೊತ್ತಿನಲ್ಲಿ ಮಾಡುವುದು. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುವುದು.

ಆ) ಗರ್ಭಿಣಿಯರು, ಬಾಣಂತಿಯರು ಹಾಗೂ ಮಕ್ಕಳು ಕೆಲಸದಲ್ಲಿ ಭಾಗವಹಿಸಬಾರದು, ಹತ್ತಿರವೂ ಬರಬಾರದು.

ಇ) ಮೇಲ್ಮೈಗೆ ನೀರು ಸಿಂಪಡಿಸುತ್ತಾ ಕೆರೆಯುವುದು. ನೀರಿಗೆ ಹಾಳಾಗದ ಮರಳುಕಾಗದವನ್ನೇ ಬಳಸುವುದು. ಒಣ ಉಜ್ಜುವಿಕೆ ಹಾಗೂ ವಿದ್ಯುತ್ ಉಜ್ಜುಯಂತ್ರ ವರ್ಜ್ಯ.

ಈ) ಬೆಂಕಿ ಅಥವಾ ಬ್ಲೋ ಲ್ಯಾಂಪ್‌ನಿಂದ ಬಣ್ಣ ಸುಡತಕ್ಕದ್ದಲ್ಲ. ಶಾಖದಿಂದ ಸೀಸದ ಹೊಗೆ ಏಳುತ್ತದೆ.

ಉ) ಮುಖಕ್ಕೆ ಕಟ್ಟಿದ ಟವೆಲು ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಎನ್-95 ಅಥವಾ ಅದಕ್ಕಿಂತ ಮೇಲ್ದರ್ಜೆಯ ಮುಖಗವಸು ಧರಿಸುವುದು. ಕೆಲಸದ ನಡುವೆ ಊಟ, ಚಹಾ, ಎಲೆ ಅಡಿಕೆ, ಬೀಡಿ ಸೇವನೆ ಮಾಡದಿರುವುದು.

ಊ) ಕೆಲಸ ಮುಗಿದ ಮೇಲೆ ಪೊರಕೆಯಿಂದ ಗುಡಿಸದೆ, ಒದ್ದೆ ಬಟ್ಟೆಯಿಂದ ಒರೆಸುವುದು. ಚೂರುಗಳನ್ನು ಹಾಳೆಯ ಸಮೇತ ಮಡಚಿ ಕಟ್ಟುವುದು. ಕೈ, ಮುಖ ತೊಳೆದು, ಸ್ನಾನ ಮಾಡಿ, ಬಟ್ಟೆಗಳನ್ನು ಪ್ರತ್ಯೇಕವಾಗಿ ಒಗೆಯುವುದು.

ಬಣ್ಣ ತೆಗೆಯುವ ರಾಸಾಯನಿಕ ದ್ರಾವಣಗಳಲ್ಲಿ ಕೆಲವು ಉಸಿರಾಟಕ್ಕೆ ಅಪಾಯಕಾರಿ. ಮುಚ್ಚಿದ ಕೋಣೆಯಲ್ಲಿ ಅವುಗಳನ್ನು ಬಳಸಬಾರದು. ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುತ್ತದೆ ಹಾಗೂ ಒಗರು ಅಂಶವಿರುವ ಮರಗಳನ್ನು ಕಪ್ಪಾಗಿಸುತ್ತದೆ.

5. ಮರವನ್ನು ಸಿದ್ಧಪಡಿಸುವುದು

ಹಳೆಯ ಬಣ್ಣದ ಕುರುಹು ಇಲ್ಲದ ಬರಿ ಮರಕ್ಕೆ ಮಾತ್ರ ಒಣ ಉಜ್ಜುವಿಕೆ ಸಲ್ಲುತ್ತದೆ. ಮರಳುಕಾಗದದ ಸಂಖ್ಯೆ ಕಡಿಮೆಯಾದಷ್ಟೂ ಅದು ಒರಟಾಗಿರುತ್ತದೆ. ಮೊದಲು 80 ಅಥವಾ 100, ನಂತರ 120, 180, ಕೊನೆಗೆ 220ನೇ ಸಂಖ್ಯೆಯ ಕಾಗದ ಬಳಸಬೇಕು. ಯಾವಾಗಲೂ ಮರದ ನಾರಿನ ಉದ್ದಕ್ಕೆ ಉಜ್ಜಬೇಕು. ಅಡ್ಡ ಉಜ್ಜಿದರೆ ಉಂಟಾಗುವ ಗೀರುಗಳು ಬಣ್ಣ ಹೀರಿಕೊಂಡ ನಂತರ ಎದ್ದು ಕಾಣುತ್ತವೆ.

ಸಣ್ಣ ರಂಧ್ರ ಹಾಗೂ ಬಿರುಕುಗಳಿಗೆ ಚಾಕ್ ಪುಡಿ, ಮರದ ವರ್ಣದ ಪುಡಿ ಹಾಗೂ ಅಂಟು ಅಥವಾ ಅರಗಿನ ಪಾಲಿಶ್ ಸೇರಿಸಿದ ಪುಟ್ಟಿ ತುಂಬಬಹುದು. ಪುಟ್ಟಿಯು ಮರದಷ್ಟು ಬಣ್ಣ ಹೀರುವುದಿಲ್ಲವಾದ್ದರಿಂದ ಮೊದಲೇ ಅದಕ್ಕೆ ಹೊಂದುವ ವರ್ಣ ಕಲಸುವುದು ಅಗತ್ಯ. ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿದೆ. ಮೆರುಗು ಸರಿಯಾಗಿ ಹಿಡಿಯಬೇಕಾದಲ್ಲಿ ಅದನ್ನು ಸ್ಪಿರಿಟ್ ಅಥವಾ ಥಿನ್ನರ್ ತೋಯಿಸಿದ ಬಟ್ಟೆಯಿಂದ ಒರೆಸಿ, ಒಣಗಿದ ಕೂಡಲೇ ಮೊದಲ ಲೇಪ ನೀಡಬೇಕು.

6. ಮರಕ್ಕೆ ವರ್ಣ ನೀಡುವುದು (ಸ್ಟೇನ್)

ಬಣ್ಣವು ಮರವನ್ನು ಮುಚ್ಚುತ್ತದೆ. ಸ್ಟೇನ್ ಮರದೊಳಗೆ ಇಳಿದು ಅದರ ನಾರಿನ ವಿನ್ಯಾಸವನ್ನು ಉಳಿಸುತ್ತದೆ. ಒಳ್ಳೆಯ ಮರದ ಸಾಮಾನಿಗೆ ಸ್ಟೇನ್ ಸೂಕ್ತ. ತೇಪೆ ಹಾಕಿದ ಅಥವಾ ಬೇರೆ ಬೇರೆ ಮರ ಸೇರಿಸಿ ಮಾಡಿದ ಸಾಮಾನಿಗೆ ಬಣ್ಣವೇ ಸೂಕ್ತ.

ನೀರಿನಲ್ಲಿ ಕರಗುವ, ಸ್ಪಿರಿಟ್‌ನಲ್ಲಿ ಕರಗುವ ಹಾಗೂ ಎಣ್ಣೆ ಆಧಾರಿತ ಎಂದು ಸ್ಟೇನ್‌ಗಳಲ್ಲಿ ಮೂರು ಬಗೆಗಳಿವೆ. ನೀರಿನ ಸ್ಟೇನ್‌ಗೆ ವಾಸನೆ ಕಡಿಮೆ, ಆದರೆ ಅದು ಮರದ ನಾರನ್ನು ಎಬ್ಬಿಸುತ್ತದೆ. ಇದಕ್ಕೆ ಮುಂಚಿತವಾಗಿ ಮರವನ್ನು ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ನಂತರ 220ನೇ ಸಂಖ್ಯೆಯ ಕಾಗದದಿಂದ ಉಜ್ಜುವುದು ಪರಿಹಾರ. ಸ್ಪಿರಿಟ್ ಸ್ಟೇನ್ ಬಹುಬೇಗ ಒಣಗುವುದರಿಂದ ಅನನುಭವಿಗಳ ಕೈಯಲ್ಲಿ ಕಲೆ ಕಲೆಯಾಗುತ್ತದೆ. ಎಣ್ಣೆಯ ಸ್ಟೇನ್ ನಿಧಾನವಾಗಿ ಒಣಗುತ್ತದೆ; ಮೊದಲ ಬಾರಿಗೆ ಮಾಡುವವರಿಗೆ ಇದು ಸುಲಭ.

ಅದೇ ಮರದ ತುಂಡಿನ ಮೇಲೆ ಅಥವಾ ವಸ್ತುವಿನ ಅಡಿಭಾಗದಲ್ಲಿ ಮೊದಲು ಪ್ರಯೋಗಿಸಿ ನೋಡಬೇಕು. ಬಟ್ಟೆಯಿಂದ ನಾರಿನ ಉದ್ದಕ್ಕೆ ಹಚ್ಚಿ, ಕೆಲವು ನಿಮಿಷಗಳಲ್ಲಿ ಹೆಚ್ಚಾದುದನ್ನು ಒರೆಸಬೇಕು. ತೆಳುವಾದ ಎರಡು ಲೇಪಗಳು ಒಂದು ದಪ್ಪ ಲೇಪಕ್ಕಿಂತ ಮೇಲು. ಹಲಗೆಯ ಕತ್ತರಿಸಿದ ತುದಿಗಳು ಹೆಚ್ಚು ವರ್ಣ ಹೀರಿ ಕಪ್ಪಾಗುತ್ತವೆ. ಅಲ್ಲಿ ಸ್ಟೇನ್ ಅನ್ನು ತೆಳು ಮಾಡಿ ಬಳಸಬೇಕು.

7. ಮೆರುಗು ನೀಡುವುದು

ಅ) ಅರಗಿನ ಪಾಲಿಶ್: ಅರಗಿನ ಹುಳುಗಳು ಮರದ ಟೊಂಗೆಗಳ ಮೇಲೆ ಸ್ರವಿಸುವ ರಾಳವನ್ನು ಶುದ್ಧೀಕರಿಸಿ ತೆಳುವಾದ ಹಾಳೆಗಳಾಗಿ ಮಾರಲಾಗುತ್ತದೆ. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 150 ಗ್ರಾಂ ಅರಗು ಹಾಕಿ, ರಾತ್ರಿಯಿಡೀ ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸಬೇಕು. ಹತ್ತಿಯ ಉಂಡೆಯನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಪಾಲಿಶ್‌ನಲ್ಲಿ ಅದ್ದಿ, ಹಿಂಡಿ, ನಿಲ್ಲಿಸದೆ ಕೈಯಾಡಿಸುತ್ತಾ ಹಲವು ತೆಳು ಲೇಪಗಳನ್ನು ನೀಡಬೇಕು. ಇದು ಸುಂದರವಾಗಿ ಹೊಳೆಯುತ್ತದೆ, ದುರಸ್ತಿಯೂ ಸುಲಭ. ಆದರೆ ಬಿಸಿ ಲೋಟ ಇಟ್ಟರೆ ಅಥವಾ ನೀರು ನಿಂತರೆ ಬಿಳಿ ಕಲೆ ಬೀಳುತ್ತದೆ. ದೇವರ ಮಂಟಪ, ಸಂದೂಕ, ಕುರ್ಚಿಗಳಿಗೆ ಇದು ಯೋಗ್ಯ, ತಲಬಾಗಿಲಿಗೆ ಯೋಗ್ಯವಲ್ಲ.

ಆ) ಎಣ್ಣೆ: ನಮ್ಮ ಭಾಗದಲ್ಲಿ ಬೆಳೆಯುವ ಅಗಸೆಯ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಗುಣವುಳ್ಳದ್ದು. ತೆಳುವಾಗಿ ಹಚ್ಚಿ, ಅರ್ಧ ಗಂಟೆಯ ನಂತರ ಪೂರ್ತಿ ಒರೆಸಬೇಕು. ಒರೆಸದೆ ಬಿಟ್ಟರೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಹಸಿ ಎಣ್ಣೆ ಒಣಗಲು ಹಲವು ದಿನಗಳು ಬೇಕು. ಅಂಗಡಿಯ 'ಬಾಯಿಲ್ಡ್' ಎಣ್ಣೆ ಬೇಗ ಒಣಗುತ್ತದೆ. ಆದರೆ ಅದರಲ್ಲಿ ಲೋಹದ ಸಂಯುಕ್ತಗಳನ್ನು ಸೇರಿಸಿರುತ್ತಾರೆ.

ಇ) ವಾರ್ನಿಷ್ ಹಾಗೂ ಪಾಲಿಯುರೆಥೇನ್: ನೀರು, ಶಾಖ, ಸವೆತ ತಾಳಿಕೊಳ್ಳುತ್ತವೆ. ತಲಬಾಗಿಲು ಹಾಗೂ ಕಿಟಕಿಗಳಿಗೆ 'ಹೊರಾಂಗಣ ಬಳಕೆಗೆ' ಎಂದು ನಮೂದಿಸಿದ ಉತ್ಪನ್ನವನ್ನೇ ಕೊಳ್ಳಬೇಕು. ಎರಡು ಭಾಗಗಳನ್ನು ಬೆರೆಸಿ ಸಿಂಪಡಿಸುವ ಉತ್ಪನ್ನಗಳ ಹಬೆ ಉಸಿರಾಟಕ್ಕೆ ಹಾನಿಕರ. ಈ ಕೆಲಸವನ್ನು ಸೂಕ್ತ ರಕ್ಷಣಾ ಸಾಧನವುಳ್ಳ ನುರಿತವರಿಗೆ ಬಿಡಬೇಕು.

8. ಎನಾಮೆಲ್ ಬಣ್ಣ ಹಾಗೂ ಅಲಂಕಾರ

ಬರಿ ಮರಕ್ಕೆ ಮೊದಲು ಮರದ ಪ್ರೈಮರ್, ನಂತರ ಪುಟ್ಟಿ, ಲಘು ಉಜ್ಜುವಿಕೆ, ಬಳಿಕ ಎರಡು ಲೇಪ ಬಣ್ಣ. ಇದು ಕ್ರಮ. ಪ್ರತಿ ಲೇಪವೂ ಡಬ್ಬಿಯ ಮೇಲೆ ಸೂಚಿಸಿದಷ್ಟು ಕಾಲ ಒಣಗಿದ ಮೇಲೆಯೇ ಮುಂದಿನದನ್ನು ಹಚ್ಚಬೇಕು. ಗಂಟುಗಳಿರುವಲ್ಲಿ ಅರಗಿನ ಪಾಲಿಶ್ ಒಂದು ಲೇಪ ನೀಡಿದರೆ ಮರದ ಅಂಟು ಬಣ್ಣದ ಮೇಲೆ ಒಸರುವುದಿಲ್ಲ.

ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣ 90 ಪಿಪಿಎಂ ಮೀರಿಲ್ಲ ಎಂಬ ನಮೂದು, ತಯಾರಕರ ಹೆಸರು ಹಾಗೂ ತಯಾರಿಕೆಯ ದಿನಾಂಕ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಲೇಬಲ್ ಇಲ್ಲದ ಬಿಡಿ ಬಣ್ಣ ಹಾಗೂ ಮನೆಯಲ್ಲಿ ಉಳಿದ ಹಳೆಯ ಡಬ್ಬಿಗಳನ್ನು ಮಕ್ಕಳ ವಸ್ತುಗಳಿಗೆ ಬಳಸಬಾರದು.

ಅಲಂಕಾರಕ್ಕೆ ರಂಗೋಲಿಯ ಬಳ್ಳಿ, ಕಮಲ, ಗಿಳಿ ಮುಂತಾದ ಆಕಾರಗಳನ್ನು ದಪ್ಪ ಕಾಗದದಲ್ಲಿ ಕತ್ತರಿಸಿ ಅಚ್ಚು ಮಾಡಿಕೊಳ್ಳಬಹುದು. ಅಚ್ಚನ್ನು ಅಂಟುಪಟ್ಟಿಯಿಂದ ಹಿಡಿಸಿ, ಬಹುತೇಕ ಒಣಗಿದ ಕುಂಚದಿಂದ ನೇರವಾಗಿ ತಟ್ಟುತ್ತಾ ಬಣ್ಣ ಹಚ್ಚಬೇಕು. ಕುಂಚದಲ್ಲಿ ಬಣ್ಣ ಹೆಚ್ಚಾದರೆ ಅಚ್ಚಿನಡಿ ಹರಡುತ್ತದೆ. ಪೂರ್ಣ ಒಣಗಿದ ನಂತರ ತೆಳುವಾದ ಪಾರದರ್ಶಕ ಲೇಪ ನೀಡಿದರೆ ಚಿತ್ರ ಬಾಳಿಕೆ ಬರುತ್ತದೆ.

9. ಈ ಭಾಗದ ಹವಾಮಾನಕ್ಕೆ ತಕ್ಕ ಸಮಯ

ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್ ಹಾಗೂ ಮೇ ತಿಂಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ಬಣ್ಣ ಕುಂಚದಲ್ಲಿಯೇ ಒಣಗತೊಡಗಿ ಗೆರೆಗಳು ಉಳಿಯುತ್ತವೆ. ಗಾಳಿಗೆ ಏಳುವ ಎರೆಮಣ್ಣಿನ ಧೂಳು ಹಸಿ ಮೆರುಗಿನ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವಾಂಶದಿಂದ ಅರಗಿನ ಪಾಲಿಶ್ ಬೆಳ್ಳಗಾಗುತ್ತದೆ, ಮರವೂ ಉಬ್ಬಿರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯು ಈ ಕೆಲಸಕ್ಕೆ ಅತ್ಯುತ್ತಮ. ಬೇಸಿಗೆಯಲ್ಲಿಯೇ ಮಾಡಬೇಕಾದಲ್ಲಿ ಮುಂಜಾನೆ, ನೆರಳಿನಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಮಾಡುವುದು ಒಳಿತು.

10. ತೊಟ್ಟಿಲು, ಆಟಿಕೆ ಹಾಗೂ ಅಡುಗೆಮನೆಯ ವಸ್ತುಗಳು

ತೊಟ್ಟಿಲಿನ ಕೆಲಸವನ್ನು ಹೆರಿಗೆಗೆ ಕನಿಷ್ಠ ಎರಡು ತಿಂಗಳು ಮುಂಚೆ, ಸಾಧ್ಯವಾದರೆ ಗರ್ಭಿಣಿ ತವರಿಗೆ ಬರುವ ಮೊದಲೇ ಮುಗಿಸಬೇಕು. ಬಣ್ಣ ಮುಟ್ಟಲು ಒಣಗಿದ್ದರೂ ಪೂರ್ಣ ಗಟ್ಟಿಯಾಗಲು ವಾರಗಳು ಹಿಡಿಯುತ್ತವೆ. ವಾಸನೆ ಸಂಪೂರ್ಣ ಹೋಗುವವರೆಗೆ ಗಾಳಿಯಾಡುವ ಸ್ಥಳದಲ್ಲಿಡಬೇಕು. ಸರಪಳಿ, ಕೊಂಡಿ ಹಾಗೂ ಸಂದುಗಳನ್ನೂ ಇದೇ ವೇಳೆ ಪರೀಕ್ಷಿಸಬೇಕು.

ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಯಲ್ಲಿದ್ದು, ಮಾರಾಟವಾಗುವ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗಳ ಹಾಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೆ ಇದರಿಂದ ವಿನಾಯಿತಿ ಇದೆ. ವಿನಾಯಿತಿ ಇರುವುದು ಗುರುತಿಗೆ ಮಾತ್ರ. ಮಗುವಿನ ಬಾಯಿಗೆ ಹೋಗುವ ವಸ್ತುವಿಗೆ ಸೀಸರಹಿತ ಬಣ್ಣ ಬಳಸುವ ಹೊಣೆಗೆ ವಿನಾಯಿತಿ ಇಲ್ಲ.

ಹಿಟ್ಟು ನಾದುವ ಮರದ ಪಾತ್ರೆ, ಲಟ್ಟಣಿಗೆ, ಸವುಟು ಮುಂತಾದವುಗಳಿಗೆ ಬಣ್ಣ, ಸ್ಟೇನ್, ವಾರ್ನಿಷ್ ಬೇಡ. ಉಜ್ಜಿ ನಯಗೊಳಿಸಿ, ಆಹಾರಕ್ಕೆ ಬಳಸುವ ಗಾಣದ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಒರೆಸಿ, ಹಲವು ದಿನ ಒಣಗಿಸಿದರೆ ಸಾಕು. ಬಣ್ಣದ ಅಂಗಡಿಯ ಅಗಸೆ ಎಣ್ಣೆ ಇದಕ್ಕೆ ಸಲ್ಲದು.

11. ಬೆಂಕಿ ಹಾಗೂ ತ್ಯಾಜ್ಯದ ಬಗ್ಗೆ ಎಚ್ಚರಿಕೆ

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖ ಒಳಗೇ ಸೇರಿ, ಕಿಡಿ ಇಲ್ಲದೆಯೂ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬೇಸಿಗೆಯಲ್ಲಿ, ಮೇವಿನ ಬಣವೆಯ ಬಳಿ ಇದು ಅನಾಹುತಕ್ಕೆ ದಾರಿ. ಬಟ್ಟೆಯನ್ನು ನೀರಿನಲ್ಲಿ ನೆನೆಸಿಡಬೇಕು, ಇಲ್ಲವೇ ಬಯಲಿನಲ್ಲಿ ಒಂದೊಂದಾಗಿ ಬಿಡಿಸಿ ಹರವಿ ಪೂರ್ತಿ ಒಣಗಿಸಿದ ನಂತರವೇ ವಿಲೇವಾರಿ ಮಾಡಬೇಕು. ಸ್ಪಿರಿಟ್ ಹಾಗೂ ಥಿನ್ನರ್‌ಗಳನ್ನು ಒಲೆ, ದೀಪಗಳಿಂದ ದೂರವಿಡಬೇಕು. ಇವುಗಳನ್ನು ಕುಡಿಯುವ ನೀರಿನ ಬಾಟಲಿಗೆ ಎಂದಿಗೂ ತುಂಬಿಡಬಾರದು.

ಉಳಿದ ಬಣ್ಣ, ಕೆರೆದ ಚೂರು ಹಾಗೂ ಕುಂಚ ತೊಳೆದ ದ್ರಾವಣವನ್ನು ಚರಂಡಿ, ಹಳ್ಳ, ತಿಪ್ಪೆಗೆ ಸುರಿಯಬಾರದು. ಚೂರುಗಳನ್ನು ಸುಡಬಾರದು. ಭದ್ರವಾಗಿ ಕಟ್ಟಿ, ಗೃಹ ಅಪಾಯಕಾರಿ ತ್ಯಾಜ್ಯವೆಂದು ತಿಳಿಸಿ, ಸ್ಥಳೀಯ ಸಂಸ್ಥೆಯ ಸಂಗ್ರಹಣಾ ವ್ಯವಸ್ಥೆಗೆ ಪ್ರತ್ಯೇಕವಾಗಿ ನೀಡುವುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ಬಣ್ಣವನ್ನು ಈಗಾಗಲೇ ಮನೆಯೊಳಗೆ ಒಣಗಿದಂತೆಯೇ ಉಜ್ಜಲಾಗಿದೆ. ಏನು ಮಾಡಬೇಕು?
ಉತ್ತರ: ಕೆಲಸ ನಿಲ್ಲಿಸಿ, ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆಡೆಗೆ ಕಳುಹಿಸಿ. ನೆಲ, ಕಿಟಕಿ, ಅಟ್ಟಗಳನ್ನು ಒದ್ದೆ ಬಟ್ಟೆಯಿಂದ ಹಲವು ಬಾರಿ ಒರೆಸಿ. ಹಾಸಿಗೆ, ಬಟ್ಟೆಗಳನ್ನು ಒಗೆಯಿರಿ. ತೆರೆದಿದ್ದ ಆಹಾರ, ನೀರನ್ನು ಬಳಸಬೇಡಿ. ವೈದ್ಯರಿಗೆ ವಿಷಯ ತಿಳಿಸಿ ಸಲಹೆ ಪಡೆಯಿರಿ. ಸೀಸದ ಪ್ರಮಾಣವನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು. ಲಕ್ಷಣಗಳು ಕಾಣಿಸುವವರೆಗೆ ಕಾಯಬಾರದು.

ಪ್ರಶ್ನೆ: ಎನಾಮೆಲ್ ಮೇಲೆ ಸ್ಟೇನ್ ಹಚ್ಚಬಹುದೇ?
ಉತ್ತರ: ಇಲ್ಲ. ಸ್ಟೇನ್ ಬರಿ ಮರಕ್ಕೆ ಮಾತ್ರ ಇಳಿಯುತ್ತದೆ.

ಪ್ರಶ್ನೆ: ಅಜ್ಜಿಯ ಕಾಲದ ಚಿತ್ರದ ತೊಟ್ಟಿಲಿಗೆ ಯಾರೋ ಎನಾಮೆಲ್ ಬಳಿದಿದ್ದಾರೆ. ಚಿತ್ರವನ್ನು ಮರಳಿ ಪಡೆಯಬಹುದೇ?
ಉತ್ತರ: ಕೆಲವೊಮ್ಮೆ ಸಾಧ್ಯ. ಆದರೆ ಮನೆಯಲ್ಲಿ ಪ್ರಯತ್ನಿಸಬಾರದು. ಚಿತ್ರಗಾರರಿಗೆ ಅಥವಾ ಕಲಾ ಸಂರಕ್ಷಣೆಯ ತಜ್ಞರಿಗೆ ತೋರಿಸಬೇಕು.

ಪ್ರಶ್ನೆ: ಈ ಕಸುಬಿನವರಿಗೆ ಸರ್ಕಾರದ ನೆರವು ಇದೆಯೇ?
ಉತ್ತರ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸ ಹಾಗೂ ಸಾಂಪ್ರದಾಯಿಕ ಗೊಂಬೆ, ಆಟಿಕೆ ತಯಾರಿಕೆ ಸೇರಿವೆ. ತರಬೇತಿ, ರೂ. 15,000ವರೆಗಿನ ಉಪಕರಣ ಪ್ರೋತ್ಸಾಹಧನ ಹಾಗೂ ಎರಡು ಕಂತುಗಳಲ್ಲಿ ರೂ. 3 ಲಕ್ಷದವರೆಗಿನ ಸಾಲ ಸೌಲಭ್ಯ ಇದರ ಅಂಗಗಳು. ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಬಹುದು.

ಸಾರಾಂಶ

ಬಣ್ಣ ಹಚ್ಚುವ ಮೊದಲು ಪರೀಕ್ಷಿಸಿ. ಚಿತ್ರವಿದ್ದರೆ ಮುಟ್ಟಬೇಡಿ. 2017ಕ್ಕೆ ಹಿಂದಿನ ಬಣ್ಣವಿದ್ದರೆ ಒಣಗಿದಂತೆ ಉಜ್ಜಬೇಡಿ, ಸುಡಬೇಡಿ. ಗರ್ಭಿಣಿಯರನ್ನೂ ಮಕ್ಕಳನ್ನೂ ದೂರವಿರಿಸಿ. ಲೇಬಲ್ ಇರುವ ಬಣ್ಣವನ್ನೇ ಕೊಳ್ಳಿ. ತೊಟ್ಟಿಲಿನ ಕೆಲಸವನ್ನು ಎರಡು ತಿಂಗಳು ಮುಂಚಿತವಾಗಿ ಮುಗಿಸಿ. ಸಾರ್ವಜನಿಕರು ಈ ಅಂಶಗಳನ್ನು ತಮ್ಮ ಊರಿನ ಬಡಿಗರಿಗೂ, ಬಣ್ಣ ಬಳಿಯುವವರಿಗೂ, ಮನೆಯ ಹಿರಿಯರಿಗೂ ತಿಳಿಸಿ ಸಹಕರಿಸಲು ಕೋರಲಾಗಿದೆ.